ಬೇರೆ ಕಂಪನಿ ಪೇಂಟಲ್ಲಿ ಹಳೇ ಗೋಡೆ ಬಣ್ಣಾನೇ ತರಿಸೋದು ಹೇಗೆ

ಮೇಡಂ, ನಿಮ್ಮ ಪ್ರಶ್ನೆ ಬೆಳಗ್ಗೇನೇ ನೋಡಿದೆ, ಅಂಗಡೀಲಿ ಜನ ಇದ್ರು ಟೈಪ್ ಮಾಡೋಕೆ ಆಗ್ಲಿಲ್ಲ. ಪೈಪ್ ಲೀಕಾಗಿ ಹಾಲ್‌ನ ಒಂದು ಗೋಡೆ ಹಾಳಾಗಿದೆ, ನಾಲ್ಕು ವರ್ಷದ ಹಿಂದೆ ಏಷ್ಯನ್ ಪೇಂಟ್ಸ್ ಹೊಡೆಸಿದ್ರಿ, ಈಗ ಬಂದಿರೋ ಪೇಂಟರ್ ಬರ್ಜರ್ ತರ್ತೀನಿ, ಶೇಡ್ ನಂಬರ್ ಕೊಡಿ ಸಾಕು ಅದೇ ಕಲರ್ ಬರತ್ತೆ ಅಂತಿದಾರೆ, ನಂಬಬಹುದಾ ಅಂತ ಕೇಳಿದೀರ. ವಿಜಯನಗರದಲ್ಲಿ ಹದಿನಾಲ್ಕು ವರ್ಷದಿಂದ ಪೇಂಟ್ ಅಂಗಡೀಲಿ ಟಿಂಟಿಂಗ್ ಮಷಿನ್ (ಬಣ್ಣ ಬೆರೆಸೋ ಮಷಿನ್) ಮುಂದೆ ನಿಂತಿದೀನಿ, ಈ ಪ್ರಶ್ನೆ ವಾರಕ್ಕೆ ನಾಲ್ಕೈದು ಸಲ ಬರತ್ತೆ, ಅದಕ್ಕೇ ಸ್ವಲ್ಪ ಉದ್ದವಾಗೇ ಬರೀತಿದೀನಿ.

ಬರೀ ನಂಬರ್ ನಂಬಿ ಡಬ್ಬ ತರಿಸ್ಬೇಡಿ. ಕಂಪನಿ ಯಾವುದೂ ಕೆಟ್ಟದು ಅಂತಲ್ಲ, ಯಾವುದೇ ಒಳ್ಳೆ ಕಂಪನಿ ಪೇಂಟಲ್ಲೂ ನಿಮ್ಮ ಬಣ್ಣದ ಹತ್ರಕ್ಕೆ ಹೋಗಬಹುದು, ಆದ್ರೆ ದಾರಿ ನಂಬರ್ ಅಲ್ಲ. ಒಂದು ಕಂಪನಿ ನಂಬರ್ ಅಂದ್ರೆ ಆ ಕಂಪನಿ ಬೇಸ್‌ಗೆ (ಬಣ್ಣ ಸೇರಿಸೋ ಮುಂಚಿನ ಪೇಂಟ್) ಆ ಕಂಪನಿ ಸ್ಟೇನರ್ (ಬಣ್ಣ ಕೊಡೋ ದ್ರವ) ಎಷ್ಟೆಷ್ಟು ಎಂಎಲ್ ಬೀಳಬೇಕು ಅನ್ನೋ ಲೆಕ್ಕ, ಅಷ್ಟೇ. ಬೇಸಲ್ಲಿರೋ ಬಿಳುಪು ಬರೋದು ಟೈಟಾನಿಯಂ ಡೈಆಕ್ಸೈಡಿಂದ, ಅದು ಒಬ್ಬೊಬ್ರಲ್ಲಿ ಒಂದೊಂದು ಪ್ರಮಾಣ, ಒಬ್ರ ಹಳದಿ ಸ್ಟೇನರ್ ಒಂದು ಹನಿ ಹಾಕಿದ್ರೆ ಬರೋ ಗಾಢ ಇನ್ನೊಬ್ರದ್ದು ಒಂದೂವರೆ ಹನಿ ಹಾಕಿದ್ರೆ ಬರಬಹುದು. ಅಷ್ಟ್ಯಾಕೆ, ಒಂದೇ ಕಂಪನೀಲಿ, ಏಷ್ಯನ್ ಪೇಂಟ್ಸ್‌ನಲ್ಲೇ ನೋಡಿ, ಟ್ರ್ಯಾಕ್ಟರ್ ಎಮಲ್ಷನ್‌ಗೆ ಒಂದು ಫಾರ್ಮುಲಾ, ಅದೇ ಶೇಡ್ ರಾಯಲ್‌ನಲ್ಲಿ ಬೇಕು ಅಂದ್ರೆ ಇನ್ನೊಂದು ಫಾರ್ಮುಲಾ.

ನಮ್ಮ ಸಾಫ್ಟ್‌ವೇರಲ್ಲೂ ಬೇರೆ ಕಂಪನಿ ಶೇಡ್‌ಗಳಿಗೆ ಫಾರ್ಮುಲಾ ಇರತ್ತೆ, ಪೇಂಟರ್ ಹೇಳ್ತಿರೋದು ಅದನ್ನೇ ಇರಬೇಕು. ಅದು ಸುಳ್ಳಲ್ಲ, ಶುರು ಮಾಡೋಕೆ ಒಳ್ಳೇದು. ಆದ್ರೆ ಅದು ಹೊಸ ಶೇಡ್ ಕಾರ್ಡ್ ನೋಡಿ ಮಾಡಿದ ಲೆಕ್ಕ, ನಿಮ್ಮ ಗೋಡೆ ಕಾರ್ಡ್ ಅಲ್ಲ. ನಾಲ್ಕು ವರ್ಷ ಬಿಸಿಲು, ಧೂಳು, ಒಗ್ಗರಣೆ ಹೊಗೆ ಕುಡಿದಿರೋ ಗೋಡೆ ಅದು. ಈಗ ಅದೇ ಕಂಪನಿ ಅದೇ ನಂಬರ್ ತಂದು ಹೊಡೆದ್ರೂ ಪಕ್ಕದಲ್ಲಿ ಹೊಸದು ಅಂತ ಗೊತ್ತಾಗತ್ತೆ.

ಹಂಗಾಗಿ ಅಂಗಡಿಗೆ ಗೋಡೇದೇ ಒಂದು ಚೂರು ತಗೊಂಡು ಹೋಗಿ. ಮೊಬೈಲ್ ಫೋಟೋ ಬೇಡ, ಕ್ಯಾಮೆರಾ ತಾನೇ ಬೆಳಕು ಸರಿ ಮಾಡ್ಕೊಂಡು ಕ್ರೀಮನ್ನ ಬೂದಿ ಮಾಡಿ ತೋರಿಸತ್ತೆ. ಎಷ್ಟೋ ಜನ ಸ್ವಿಚ್ ಬೋರ್ಡ್ ಪ್ಲೇಟ್ ಬಿಚ್ಚಿ ಅದರ ಹಿಂದಿನ ಪೇಂಟ್ ಕೆತ್ಕೊಂಡು ಬರ್ತಾರೆ, ಅಲ್ಲಿ ಕಾಣಲ್ಲ ಅಂತ. ನಿಮ್ಮ ಕೇಸಲ್ಲಿ ಅದು ತಪ್ಪು, ಪ್ಲೇಟ್ ಹಿಂದೆ ಇರೋದು ನಾಲ್ಕು ವರ್ಷದ ಹಿಂದಿನ ಬಣ್ಣ, ನಿಮಗೆ ಬೇಕಿರೋದು ಇವತ್ತಿನ ಬಣ್ಣ. ಪೂರ್ತಿ ಹಾಲ್ ಹೊಡೆಸೋರಿಗೆ ಮಾತ್ರ ಪ್ಲೇಟ್ ಹಿಂದಿನ ಚೂರು ಸರಿ. ನೀವು ಹೊಸ ಗೋಡೆ ಬಂದು ಸೇರೋ ಮೂಲೆ ಹತ್ರ, ಪಕ್ಕದ ಹಳೇ ಗೋಡೇಲಿ, ಸ್ಕರ್ಟಿಂಗ್‌ಗಿಂತ ಸ್ವಲ್ಪ ಮೇಲೆ ಜಾಗ ನೋಡಿ. ಮೊದಲು ಸೋಪ್ ನೀರಲ್ಲಿ ಬಟ್ಟೆ ಅದ್ದಿ ಮೆತ್ತಗೆ ಒರೆಸಿ ಒಣಗೋಕೆ ಬಿಡಿ, ಇಲ್ಲಾಂದ್ರೆ ಕೊಳೇನೂ ಸೇರಿಸಿ ಮ್ಯಾಚ್ ಮಾಡ್ತೀವಿ. ಆಮೇಲೆ ಕಟರ್ ಬ್ಲೇಡಲ್ಲಿ ಒಂದಿಂಚು ಚೌಕ ಗೀರಿ, ಪುಟ್ಟಿ ಪದರದ ತನಕ ಬ್ಲೇಡ್ ಇಳೀಲಿ, ಒಂದು ಮೂಲೆಯಿಂದ ಬ್ಲೇಡ್ ಮಲಗಿಸಿ ಎತ್ತಿದ್ರೆ ಪುಟ್ಟಿ ಸಮೇತ ಬಿಸ್ಕತ್ ತುಂಡಿನ ಥರ ಬರತ್ತೆ. ಮುರೀದೆ ಚಪ್ಪಟೆ ಇರ್ಬೇಕು, ಯಾಕಂದ್ರೆ ಕಲರ್ ರೀಡರ್ (ಬಣ್ಣ ಅಳೆಯೋ ಸಾಧನ) ಬಾಯಿ ಅದರ ಮೇಲೆ ಪೂರ್ತಿ ಕೂರಬೇಕು, ಪಕ್ಕದಿಂದ ಬೆಳಕು ನುಗ್ಗಿದ್ರೆ ರೀಡಿಂಗ್ ಕೆಡತ್ತೆ. ಎಲ್ಲಾ ಅಂಗಡೀಲೂ ರೀಡರ್ ಇರಲ್ಲ, ಹೋಗೋ ಮುಂಚೆ ಫೋನ್ ಮಾಡಿ ಕೇಳಿ. ಚೂರು ತಿರುಗಿಸಿ ಮೂರು ಸಲ ರೀಡ್ ಮಾಡಿ ಅಂತ ಹೇಳಿ, ಬೇಜಾರು ಮಾಡ್ಕೊಳ್ಳಲ್ಲ. ಸ್ಕ್ರೀನಲ್ಲಿ ಡೆಲ್ಟಾ ಇ ಅಂತ ಒಂದು ಅಂಕಿ ಬರತ್ತೆ, ಎರಡು ಬಣ್ಣದ ನಡುವೆ ಎಷ್ಟು ವ್ಯತ್ಯಾಸ ಅನ್ನೋದರ ಅಳತೆ, ಅದು 1ಕ್ಕಿಂತ ಕಮ್ಮಿ ಇದ್ರೆ ಸಾಮಾನ್ಯವಾಗಿ ಕಣ್ಣಿಗೆ ವ್ಯತ್ಯಾಸ ಸಿಗಲ್ಲ, 2-3 ಇದ್ರೆ ಅಕ್ಕಪಕ್ಕ ಇಟ್ಟಾಗ ಗೊತ್ತಾಗತ್ತೆ.

ಈಗ ಬೆಳಕಿನ ವಿಷಯ, ಇದನ್ನ ದಯವಿಟ್ಟು ಹಗುರವಾಗಿ ತಗೋಬೇಡಿ. ಬಸವೇಶ್ವರನಗರದಲ್ಲಿ ನನ್ನ ತಂಗಿ ಮನೆಗೆ ನಾನೇ ಕೈಯಾರೆ ಮ್ಯಾಚ್ ಮಾಡಿ ಕೊಟ್ಟಿದ್ದೆ, ಬೂದಿ ಮಿಶ್ರಿತ ಬಿಸ್ಕತ್ ಬಣ್ಣ. ಅಂಗಡಿ ಟ್ಯೂಬ್‌ಲೈಟಲ್ಲಿ ಹಳೇ ಚೂರು, ಹೊಸ ಬಣ್ಣ ಎರಡೂ ಒಂದೇ. ಸಂಜೆ ಅವಳು ಹಾಲ್‌ನ ವಾರ್ಮ್ ಬಲ್ಬ್ ಹಾಕಿ ಫೋನ್ ಮಾಡಿದ್ಲು, ಅಣ್ಣ ಹೊಸ ಗೋಡೆ ಗುಲಾಬಿ ಹೊಡೀತಿದೆ ಅಂತ. ಹೋಗಿ ನೋಡಿದ್ರೆ ಹೌದು, ಹಳೇ ಗೋಡೆ ತುಸು ಹಸಿರು, ಹೊಸದು ತುಸು ಗುಲಾಬಿ. ಹಳೇ ಬಣ್ಣದಲ್ಲಿದ್ದ ಪಿಗ್ಮೆಂಟ್‌ಗಳೇ ಬೇರೆ, ನಾನು ರೆಡ್ ಆಕ್ಸೈಡ್, ಕಪ್ಪು ಹಾಕಿ ಆ ಬಣ್ಣಕ್ಕೆ ತಂದಿದ್ದೆ, ಒಂದು ಬೆಳಕಲ್ಲಿ ಜೋಡಿ ಆದ್ವು, ಇನ್ನೊಂದ್ರಲ್ಲಿ ಬೇರೆ ಆದ್ವು. ಇದಕ್ಕೆ ಮೆಟಾಮೆರಿಸಂ ಅಂತಾರೆ. ಕಂಪನಿ ಬದಲಾಯಿಸಿದಾಗ ಸ್ಟೇನರ್ ಬದಲಾಗತ್ತೆ, ಆವಾಗಲೇ ಇದು ಜಾಸ್ತಿ. ಎರಡು ಗೋಡೆ ಮತ್ತೆ ಹೊಡೆಸ್ಬೇಕಾಯ್ತು, ಅವಳ ದುಡ್ಡು ನನ್ನ ಕೈಯಿಂದ ಹೋದ ಹಾಗೇ ಬೇಜಾರಾಯ್ತು.

ಆವತ್ತಿಂದ ನಾನು ಎಲ್ಲರಿಗೂ ಒಂದೇ ಮಾತು ಹೇಳ್ತೀನಿ, ಮೊದಲು ಒಂದೇ ಲೀಟರ್ ಮಾಡಿಸಿ. ದಪ್ಪ ಡ್ರಾಯಿಂಗ್ ಶೀಟ್ ಮೇಲೆ ರೋಲರಲ್ಲಿ ಎರಡು ಕೋಟ್, ಅಂಚಿನ ತನಕ ಹೊಡೀರಿ, ಸುತ್ತ ಬಿಳಿ ಬಿಡ್ಬೇಡಿ, ಆ ಬಿಳಿ ಅಂಚು ಕಣ್ಣಿಗೆ ಮೋಸ ಮಾಡತ್ತೆ. ಒಂದು ರಾತ್ರಿ ಒಣಗಲಿ. ಎಮಲ್ಷನ್ ಹಸಿ ಇದ್ದಾಗ ಹಾಲು ಬೆರೆಸಿದ ಹಾಗೆ ತಿಳಿಯಾಗಿರತ್ತೆ, ಒಣಗಿದ ಮೇಲೆ ಒಂದು ಮೆಟ್ಟಿಲು ಗಾಢ ಆಗತ್ತೆ, ಅದಕ್ಕೆ ಅಂಗಡೀಲಿ ಮುಚ್ಚಳದ ಮೇಲಿನ ಹಸಿ ಹನಿ ನೋಡಿ ಓಕೆ ಅನ್ಬೇಡಿ, ನಾವು ಡ್ರೈಯರ್ ಹಿಡಿದು ಒಣಗಿಸಿ ತೋರಿಸ್ತೀವಿ, ಕೇಳಿ. ಮಾರನೇ ದಿನ ಶೀಟನ್ನ ಹಳೇ ಗೋಡೆಗೆ ಒತ್ತಿ ಹಿಡಿದು ಬೆಳಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ, ರಾತ್ರಿ ನಿಮ್ಮ ಮನೆ ಲೈಟಲ್ಲಿ ನೋಡಿ. ಮನೇಲಿ 3000 ಕೆಲ್ವಿನ್ ಹಳದಿ ಬಲ್ಬೂ 6500 ಕೆಲ್ವಿನ್ ಬಿಳಿ ಬಲ್ಬೂ ಇದ್ರೆ ಎರಡರಲ್ಲೂ. ಮೂರು ಹೊತ್ತಲ್ಲೂ ಸರಿ ಅನ್ನಿಸಿದ್ರೆ ಮಾತ್ರ ಉಳಿದದ್ದು ಆರ್ಡರ್ ಮಾಡಿ.

ಬಣ್ಣ ಸರಿಯಾದ್ರೂ ಹೊಳಪು ಬೇರೆ ಆದ್ರೆ ಗೋಡೆ ಬೇರೇನೇ ಕಾಣತ್ತೆ. ರಾತ್ರಿ ಲೈಟ್ ಆಫ್ ಮಾಡಿ ಮೊಬೈಲ್ ಟಾರ್ಚನ್ನ ಗೋಡೆಗೆ ಅಂಟಿಸಿದ ಹಾಗೆ ಅಡ್ಡ ಹಿಡೀರಿ, ಬೆಳಕು ರೇಷ್ಮೆ ಥರ ಜಾರಿದ್ರೆ ಶೀನ್ ಇದೆ, ಸುಣ್ಣದ ಗೋಡೆ ಥರ ಬೆಳಕು ಅಲ್ಲೇ ನಿಂತ್ರೆ ಮ್ಯಾಟ್. ಮ್ಯಾಟ್, ಸಾಫ್ಟ್ ಶೀನ್ ಅನ್ನೋ ಹೆಸರುಗಳು ಎಲ್ಲಾ ಕಂಪನೀಲೂ ಒಂದೇ ಅರ್ಥದಲ್ಲಿ ಇಲ್ಲ, ಅದಕ್ಕೇ ಇದನ್ನೂ ಆ ಶೀಟಲ್ಲೇ ನೋಡ್ಕೊಳ್ಳಿ.

ಆಫ್ ವೈಟ್ ಆಗಿದ್ರೆ ನಿಮಗೆ ಇನ್ನೂ ಕಷ್ಟ. ಜನ ತಿಳಿ ಬಣ್ಣ ಸುಲಭ ಅಂದ್ಕೋತಾರೆ, ಉಲ್ಟಾ. ಒಂದು ಲೀಟರ್‌ಗೆ ಬೀಳೋದೇ ಹನಿ ಅರ್ಧ ಹನಿ ಸ್ಟೇನರ್, ಮಷಿನ್ ನಾಝಲ್ (ಸ್ಟೇನರ್ ಬೀಳೋ ಮೂತಿ) ತುದೀಲಿ ಸ್ವಲ್ಪ ಒಣಗಿದ್ರೂ ಬಣ್ಣ ತಪ್ಪತ್ತೆ. ಆದ್ದರಿಂದ ಸ್ಯಾಂಪಲ್ ಪಾಸಾದ ಮೇಲೆ ಒಂದೊಂದೇ ಲೀಟರ್ ನಾಲ್ಕು ಸಲ ಮಾಡಿಸೋ ಬದಲು ನಾಲ್ಕು ಲೀಟರ್ ಒಂದೇ ಸಲ ಮಾಡಿಸಿ, ಬೆಳಗ್ಗೆ ಅಂಗಡಿ ತೆಗೆದ ತಕ್ಷಣದ ಮೊದಲ ಡಬ್ಬ ಬೇಡ, ನಾಝಲ್ ಕ್ಲೀನ್ ಮಾಡಿದೀರಾ ಅಂತ ಕೇಳಿ. ಹನ್ನೆರಡಡಿ ಹತ್ತಡಿ ಗೋಡೆ ಎರಡು ಕೋಟ್‌ಗೆ ಒಂದು ಲೀಟರ್ ಸಾಕಾಗಬಹುದು, ಸಾಕಾಗದೇನೂ ಇರಬಹುದು, ಕೊನೆಗೆ ಅಂಗೈಯಗಲ ಜಾಗ ಉಳಿದು ಇನ್ನೊಂದು ಡಬ್ಬ ತರೋದು ಎಲ್ಲಕ್ಕಿಂತ ಕೆಟ್ಟದು. ಎರಡು ಡಬ್ಬ ಆದ್ರೆ ಹಚ್ಚೋ ಮುಂಚೆ ಎರಡನ್ನೂ ಒಂದೇ ಬಕೆಟ್‌ಗೆ ಸುರಿದು ಕಲಸಲಿ. ಪೇಂಟರ್ ಕೈಯಲ್ಲಿ ಸ್ಟೇನರ್ ಟ್ಯೂಬ್ ಹಿಂಡಿ ಸರಿ ಮಾಡ್ತೀನಿ ಅಂದ್ರೆ ಬೇಡ ಅನ್ನಿ, ಅವರ ಕಣ್ಣು ಒಳ್ಳೇದೇ ಇರಬಹುದು, ಆದ್ರೆ ನಾಳೆ ಅದನ್ನ ಮತ್ತೆ ಮಾಡೋಕೆ ಯಾರಿಗೂ ಆಗಲ್ಲ.

ಹಚ್ಚುವಾಗ ಕಲೆ ಬಿದ್ದ ಜಾಗಕ್ಕೆ ಮಾತ್ರ ಪ್ಯಾಚ್ ಹಾಕಿಸ್ಬೇಡಿ. ಮೂಲೆಯಿಂದ ಮೂಲೆಗೆ, ಸೀಲಿಂಗಿಂದ ಸ್ಕರ್ಟಿಂಗ್ ತನಕ ಪೂರ್ತಿ ಗೋಡೆ. ಮೂಲೇಲಿ ಎರಡು ಗೋಡೆ ಮೇಲೆ ಬೆಳಕು ಬೇರೆ ಬೇರೆ ಥರ ಬೀಳತ್ತೆ, ಸಣ್ಣ ವ್ಯತ್ಯಾಸ ಅಲ್ಲಿ ಮುಚ್ಚಿ ಹೋಗತ್ತೆ, ಅದೇ ವ್ಯತ್ಯಾಸ ಗೋಡೆ ನಡುವೆ ಇದ್ರೆ ತೇಪೆ ಹಾಕಿದ ಹಾಗೆ ಎದ್ದು ಕಾಣತ್ತೆ. ಇದೆಲ್ಲಕ್ಕಿಂತ ಮುಂಚೆ ಲೀಕ್ ನಿಂತಿದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ, ಉಪ್ಪು ಎದ್ದಿರೋದನ್ನ ಕೆರೆದು ಎರಡು ಮೂರು ವಾರ ಒಣಗೋಕೆ ಬಿಡಿ, ಮಳೆಗಾಲ ಆದ್ರೆ ಇನ್ನೂ ಜಾಸ್ತಿ. ಹೊಸ ಪುಟ್ಟಿ ಹಾಕಿದ ಕಡೆ ಪ್ರೈಮರ್ ಬಿಟ್ರೆ ಅಲ್ಲಿ ಪೇಂಟ್ ಹೀರ್ಕೊಂಡು ಮಂಕಾಗತ್ತೆ, ಆಮೇಲೆ ಮ್ಯಾಚ್ ಸರಿ ಇಲ್ಲ ಅಂತ ಅಂಗಡಿಗೆ ಬರ್ತಾರೆ, ತಪ್ಪು ಬಣ್ಣದ್ದಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, ಒಂದೇ ಗೋಡೆಗೋಸ್ಕರ ಕಂಪನಿ ಬದಲಾಯಿಸೋ ಅಗತ್ಯ ಇಲ್ಲ. 2024ರಲ್ಲಿ ಬಿರ್ಲಾ ಓಪಸ್ ಅನ್ನೋ ಪೇಂಟ್ ಬ್ರ್ಯಾಂಡ್ ಬಂದ ಮೇಲೆ ಎಷ್ಟೋ ಅಂಗಡೀಲಿ ಎರಡೆರಡು ಮೂರು ಮೂರು ಕಂಪನಿ ಮಷಿನ್ ಇವೆ, ಪೇಂಟರ್‌ಗೆ ತನಗೆ ಗೊತ್ತಿರೋ ಅಂಗಡಿ ಅನುಕೂಲ ಅಷ್ಟೇ, ನೀವೇ ಹೋಗಿ ಹಳೇ ಕಂಪನೀದೇ ಅದೇ ಪ್ರಾಡಕ್ಟ್ ತಂದು ಕೊಡಿ, ಹೊಳಪು, ಪಿಗ್ಮೆಂಟ್ ತಲೆನೋವು ಅರ್ಧ ಕಮ್ಮಿ ಆಗತ್ತೆ. ಆದ್ರೂ ಚೂರು ಮ್ಯಾಚ್ ಮಾಡಿಸಿ. ಆಗ್ಲೂ ಸರಿ ಬರ್ಲಿಲ್ಲ ಅಂದ್ರೆ ಆ ಗೋಡೆಗೆ ಬೇಕೂಂತ್ಲೇ ಎರಡು ಮೂರು ಶೇಡ್ ಗಾಢ ಹೊಡೆಸಿ, ಟಿವಿ ಗೋಡೆ ಥರ ಚೆನ್ನಾಗೇ ಕಾಣತ್ತೆ, ಹತ್ತಿರ ಹತ್ತಿರ ಬಂದು ತಪ್ಪಿದ ಬಣ್ಣಕ್ಕಿಂತ ಎಷ್ಟೋ ವಾಸಿ.

ಕೆಲಸ ಮುಗಿದ ಮೇಲೆ ಡಬ್ಬ ಮುಚ್ಚಳದ ಮೇಲಿನ ಸ್ಟಿಕ್ಕರ್ ಫೋಟೋ ತೆಗೆದಿಟ್ಕೊಳ್ಳಿ, ಶೇಡ್, ಪ್ರಾಡಕ್ಟ್, ಬೇಸ್, ತಾರೀಕು ಒಂದು ಚೀಟೀಲಿ ಬರೆದು ಎಲೆಕ್ಟ್ರಿಕ್ ಡಿಬಿ (ಮನೆ ಫ್ಯೂಸ್ ಸ್ವಿಚ್‌ಗಳಿರೋ ಪೆಟ್ಟಿಗೆ) ಬಾಗಿಲ ಒಳಗಡೆ ಅಂಟಿಸಿ. ಈಗಿನ ಹಳೇ ಡಬ್ಬ ಅಟ್ಟದ ಮೇಲೆ ಎಲ್ಲಾದ್ರೂ ಇದ್ಯಾ ನೋಡಿ, ಸ್ಟಿಕ್ಕರ್ ಫೋಟೋ ಇಲ್ಲಿ ಹಾಕಿ, ಆ ಗೋಡೆಗೆ ಕಿಟಕಿ ಬೆಳಕು ಯಾವ ಕಡೆಯಿಂದ ಬೀಳತ್ತೆ ಅಂತಾನೂ ಬರೀರಿ, ಯಾವ ಬೇಸ್ ಕೇಳ್ಬೇಕು ಅಂತ ಹೇಳ್ತೀನಿ.