ಹತ್ತೊಂಬತ್ತನೇ ವಿಧಿ ಅಮೆರಿಕದಿಂದ ಬಂದದ್ದಾ?

ಮಾಸ್ಟ್ರೇ, ನಮಸ್ಕಾರ.

ಉಡುಪಿಯಿಂದ ನೀವು ಬರೆದ ಕಾಗದ ತಲುಪಿತು. ಹತ್ತೊಂಬತ್ತನೇ ವಿಧಿಯಲ್ಲಿರುವ ವಾಕ್ ಸ್ವಾತಂತ್ರ್ಯ ನಮ್ಮ ಸಂವಿಧಾನಕ್ಕೆ ಎಲ್ಲಿಂದ ಬಂತು ಎಂದು ನಿಮ್ಮ ಮೊಮ್ಮಗಳು ಕೇಳಿದ್ದಾಳೆ. ಗಣರಾಜ್ಯೋತ್ಸವದ ಭಾಷಣಕ್ಕೆ ಅವಳಿಗೆ ಅದು ಬೇಕಂತೆ. "ಹಕ್ಕು ಅಮೆರಿಕದ್ದು, ಅದಕ್ಕೆ ಹಾಕಿದ ಬೇಲಿ ಬ್ರಿಟಿಷರದ್ದು" ಎಂದು ನೀವು ಹೇಳಿದಿರಿ. ಅವಳಿಗೆ ಸಮಾಧಾನ ಆಗಲಿಲ್ಲ ಎಂದು ಬರೆದಿದ್ದೀರಿ. ನನಗೂ ಆಗಲಿಲ್ಲ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗಿದೆ.

ಅಮೆರಿಕದವರು 1791ರಲ್ಲಿ ಈ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿದರು, ನಿಜ. ಆದರೆ ಸ್ವೀಡನ್ 1766ರಲ್ಲೇ ಪತ್ರಿಕಾ ಸ್ವಾತಂತ್ರ್ಯಕ್ಕೆ ಕಾನೂನು ಮಾಡಿತ್ತು. ಇನ್ನು ಬರವಣಿಗೆಯ ರೀತಿ ನೋಡಿದರೆ ನಮ್ಮದು ಅಮೆರಿಕಕ್ಕಿಂತ 1937ರ ಐರ್ಲೆಂಡ್ ಸಂವಿಧಾನಕ್ಕೆ ಹತ್ತಿರ. ಹಕ್ಕನ್ನೂ ಹೇಳುತ್ತದೆ, ಮಿತಿಯನ್ನೂ ಜೊತೆಯಲ್ಲೇ ಹೇಳುತ್ತದೆ.

ಮಾದರಿ ಹೊರಗಿನದಿರಬಹುದು. ಬೇಕು ಎಂಬ ಹಟ ಮಾತ್ರ ಇಲ್ಲಿಯದೇ. ನಮ್ಮ ಪತ್ರಿಕೆಯ ಕೊನೆಯ ಪುಟ ತೆಗೆದು ನೋಡಿ. ತೀರಾ ಕೆಳಗೆ, ಕನ್ನಡಕ ಇಲ್ಲದೆ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ, ಅಚ್ಚು ಹಾಕಿದವರು ಯಾರು, ಎಲ್ಲಿ, ಪ್ರಕಾಶಕರು ಯಾರು ಎಂಬ ಒಂದು ಸಾಲು ಇದೆ. 1867ರ ಕಾಯ್ದೆ ಆ ಸಾಲನ್ನು ಕಡ್ಡಾಯ ಮಾಡಿತ್ತು. ಆ ಕಾಯ್ದೆ ಈಗಿಲ್ಲ, ಸಾಲು ಉಳಿದಿದೆ. 1870ರಲ್ಲಿ ರಾಜದ್ರೋಹದ ಕಲಂ ಬಂತು. 1910ರ ಕಾಯ್ದೆಯಂತೂ ಹೊಸ ಪ್ರೆಸ್ ತೆರೆಯುವವರಿಂದ 500ರಿಂದ 2000 ರೂಪಾಯಿ ಠೇವಣಿ ಕೇಳಬಹುದು ಎಂದಿತು. ಸರ್ಕಾರಕ್ಕೆ ಹಿಡಿಸದ್ದನ್ನು ಅಚ್ಚು ಹಾಕಿದರೆ ಆ ಹಣ ಮುಟ್ಟುಗೋಲು. ಅಂದಿನ 500 ರೂಪಾಯಿ ಎಂದರೆ ಸಣ್ಣ ಪ್ರೆಸ್ಸಿನವನಿಗೆ ಎಷ್ಟು ದೊಡ್ಡ ಮೊತ್ತ, ಯೋಚಿಸಿ. 1922ರಲ್ಲಿ ಗಾಂಧೀಜಿ ಮೂರು ಲೇಖನಗಳಿಗಾಗಿ ಆರು ವರ್ಷದ ಶಿಕ್ಷೆ ಪಡೆದರು. 1931ರಲ್ಲಿ ಕರಾಚಿಯ ಕಾಂಗ್ರೆಸ್ ಅಧಿವೇಶನ ಹಕ್ಕುಗಳ ಪಟ್ಟಿ ಮಾಡಿದಾಗ ಅದರಲ್ಲಿ ಮಾತಿನ ಹಕ್ಕು ಇದ್ದೇ ಇತ್ತು.

ಮುಂದೆ ಸಂವಿಧಾನದ ಮೊದಲ ಕರಡು ಬರೆದವರು ಮಂಗಳೂರಿನಲ್ಲೇ ಹುಟ್ಟಿದ ಬಿ.ಎನ್. ರಾವ್. ಪತ್ರಕರ್ತರಾಗಿದ್ದ ಅವರ ತಮ್ಮ ಬಿ. ಶಿವ ರಾವ್ ಸಂವಿಧಾನ ಸಭೆಯ ಸದಸ್ಯರಾಗಿದ್ದರು. ಭಾಷಣದಲ್ಲಿ ಇದು ಬರಲಿ, ನಮ್ಮ ಮಕ್ಕಳಿಗೆ ಗೊತ್ತಿರಬೇಕಾದ್ದು. 1948ರ ಕರಡಿನಲ್ಲಿ ಮಿತಿಗಳ ಪಟ್ಟಿಯಲ್ಲಿ 'ರಾಜದ್ರೋಹ' ಎಂಬ ಶಬ್ದವೂ ಇತ್ತು. ಸಭೆಯ ಸದಸ್ಯ ಕೆ.ಎಂ. ಮುನ್ಶಿಯವರ ತಿದ್ದುಪಡಿಯಿಂದ ಅದು ಹೊರಗೆ ಹೋಯಿತು. ಆ ಶಬ್ದದ ಹೆಸರಿನಲ್ಲಿ ಜೈಲು ಕಂಡವರ ಸಭೆ ಅದು!

ಇನ್ನು ನಿಮ್ಮ ಬೇಲಿಯ ಮಾತು. ಬ್ರಿಟಿಷರು ಹೋದ ಮೇಲೆ ನಾವೇ ಹಾಕಿಕೊಂಡದ್ದೂ ಇದೆ ಮಾಸ್ಟ್ರೇ. ಸಂವಿಧಾನ ಜಾರಿಗೆ ಬಂದು ಐದು ವಾರ ಆಗಿತ್ತು ಅಷ್ಟೇ. 1950ರ ಮಾರ್ಚ್ 1ರಂದು ಮದ್ರಾಸ್ ಸರ್ಕಾರ, ಮುಂಬೈಯಿಂದ ಬರುತ್ತಿದ್ದ 'ಕ್ರಾಸ್ ರೋಡ್ಸ್' ವಾರಪತ್ರಿಕೆ ರಾಜ್ಯದೊಳಗೆ ಬರಬಾರದು ಎಂದು ಆದೇಶ ಹೊರಡಿಸಿತು. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದು, ಅಲ್ವಾ? ಅಂದರೆ ಆ ನಿಷೇಧ ಮಂಗಳೂರಿಗೂ ಉಡುಪಿಗೂ ಸೇರಿಯೇ ಆದದ್ದು. ಸಂಪಾದಕ ರೊಮೇಶ್ ಥಾಪರ್ ನೇರ ಸುಪ್ರೀಂ ಕೋರ್ಟಿಗೆ ಹೋದರು. ಮೇ 26ಕ್ಕೆ ಕೋರ್ಟು ನಿಷೇಧವನ್ನು ಹೊಡೆದುಹಾಕಿತು. ರಾಜ್ಯದ ಭದ್ರತೆಗೇ ಅಪಾಯ ಆಗುವುದು ಬೇರೆ, ಊರಿನ ಶಾಂತಿ ಕದಡುವುದು ಬೇರೆ, ಎರಡನೆಯದರ ಹೆಸರಲ್ಲಿ ಬಾಯಿ ಕಟ್ಟಲು ಸಂವಿಧಾನದಲ್ಲಿ ಅವಕಾಶವಿಲ್ಲ ಎಂಬುದು ಅದರ ತಿರುಳು.

ಕೇಂದ್ರ ಸರ್ಕಾರ ಸುಮ್ನೆ ಕೂರಲಿಲ್ಲ. 1951ರ ಜೂನ್‌ನಲ್ಲಿ ಮೊದಲ ತಿದ್ದುಪಡಿ ತಂದು 'ಸಾರ್ವಜನಿಕ ಸುವ್ಯವಸ್ಥೆ' ಎಂಬುದನ್ನು ಮಿತಿಗಳ ಪಟ್ಟಿಗೆ ಸೇರಿಸಿತು. ಮೊದಲ ಮಹಾಚುನಾವಣೆಯೇ ಆಗಿರಲಿಲ್ಲ, ಅಷ್ಟು ಅವಸರ. ನನಗೆ ಅದು ಇವತ್ತಿಗೂ ಸರಿಯೆನಿಸುವುದಿಲ್ಲ. ಆದರೆ ಅದೇ ತಿದ್ದುಪಡಿಯಲ್ಲಿ, ನಿರ್ಬಂಧ 'ಸಮಂಜಸ'ವಾಗಿರಬೇಕು ಎಂಬ ಮಾತೂ ಈ ವಿಧಿಗೆ ಬಂತು. ಬೇಲಿ ಜಾಸ್ತಿ ಆಯಿತೋ ಇಲ್ಲವೋ ಎಂದು ಕೋರ್ಟು ಇಂದಿಗೂ ಅಳೆಯುವುದು ಆ ಒಂದು ಶಬ್ದ ಹಿಡಿದುಕೊಂಡೇ.

ಥಾಪರ್ ಪ್ರಕರಣದ ತೀರ್ಪಿನ ಪ್ರತಿಯನ್ನು ಈ ಪತ್ರದ ಜೊತೆ ಕಳಿಸಿದ್ದೇನೆ. ಇಂಗ್ಲಿಷಿನಲ್ಲಿದೆ, ತುಂಬಾ ಉದ್ದವಿಲ್ಲ. ಮೊಮ್ಮಗಳೂ ನೀವೂ ಒಟ್ಟಿಗೆ ಕೂತು ಓದಿ.