ಮಾಗಡಿ ಅಜ್ಜಿ ಈ ವರ್ಷ ಯಾಕೆ ಬರಲಿಲ್ಲ?

ಈ ವಾರಕ್ಕೆಂದು ಬೇರೆ ಎರಡು ಕಾಗದಗಳಿಗೆ ಉತ್ತರ ಬರೆದಿಟ್ಟಿದ್ದೆ. ಒಂದು ನಾದಿನಿಯ ಕಾಟ, ಇನ್ನೊಂದು ಗಂಡನ ಫೋನಿನ ಪಾಸ್‌ವರ್ಡು. ಎರಡೂ ಕಾಯಲಿ, ಎಲ್ಲಿಗೂ ಓಡಿಹೋಗುವುದಿಲ್ಲ. ರಾಜಾಜಿನಗರದಿಂದ ಬಂದ ನಾಲ್ಕು ಪುಟದ ಕಾಗದ ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ. ಬರೆದ ಹುಡುಗಿ ಏನನ್ನು ಭಯಂಕರ ಎಂದುಕೊಂಡಿದ್ದಾಳೋ ಆ ಕಾರಣಕ್ಕಲ್ಲ.

ಸಂಗತಿ ಇಷ್ಟು. ಹುಡುಗಿಗೆ ಇಪ್ಪತ್ತೇಳು, ಆಡಿಟರ್ ಆಫೀಸಿನಲ್ಲಿ ಕೆಲಸ, ಶ್ರಾವಣದಲ್ಲಿ ನಿಶ್ಚಿತಾರ್ಥ. ಕಳೆದ ವರ್ಷ ತಂದೆ ಕಿಡ್ನಿ ಕಾಯಿಲೆಯಿಂದ ತೀರಿಕೊಂಡರು. ಊರಿನ ಜಮೀನಿಗೆ ಪೌತಿ ಖಾತೆ ಮಾಡಿಸಲು, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸಲು, ಚಿಕ್ಕಪ್ಪ ನಾಡಕಚೇರಿಯಿಂದ ವಂಶವೃಕ್ಷ ತರಿಸಿದರು. ತಾತನ ಹೆಸರಿನ ಕೆಳಗೆ ಇಬ್ಬರು ಗಂಡುಮಕ್ಕಳಿರಬೇಕಾದ ಕಡೆ ಮೂರು ಹೆಸರು, ಮೊದಲನೆಯದು ಹೆಣ್ಣಿನದು. ವರ್ಷಕ್ಕೊಮ್ಮೆ, ಸೊಗಡವರೆ ಬರುವ ಕಾಲಕ್ಕೆ, ಚೀಲ ಹೊತ್ತು ಬಸ್ಸಿಳಿದು ಬರುತ್ತಿದ್ದ, ಮನೆಯವರೆಲ್ಲ 'ಊರ ಕಡೆಯವರು' ಎಂದಷ್ಟೇ ಹೇಳುತ್ತಿದ್ದ ಮಾಗಡಿ ಅಜ್ಜಿ ಅಜ್ಜಿಯೇ ಅಲ್ಲ. ತಂದೆಯ ಒಡಹುಟ್ಟಿದ ಅಕ್ಕ.

ಅಲ್ಲಿಂದ ಚಿಕ್ಕಪ್ಪ ಉಳಿದದ್ದನ್ನೂ ಬಿಚ್ಚಿದರು. ಆ ಮನೆಯ ಹೆಣ್ಣುಮಕ್ಕಳಲ್ಲಿ ತಲೆಮಾರಿಗೊಬ್ಬಳಿಗೆ ಅಮ್ಮ ಮೈಮೇಲೆ ಬರುತ್ತಾಳಂತೆ. ಅಕ್ಕನಿಗೆ ಮದುವೆಯಾದ ಎರಡನೇ ವರ್ಷ ಬಂತು. ಗಂಡ ತವರಿಗೆ ತಂದು ಬಿಟ್ಟವನು ತಿರುಗಿ ನೋಡಲಿಲ್ಲ. ಆಕೆ ಹೇಳಿಕೆ ಹೇಳುತ್ತಾ, ಸರ್ಪಸುತ್ತಿಗೆ ಮಂತ್ರ ಹಾಕಿ ಕೆಮ್ಮಣ್ಣು ಬಳಿಯುತ್ತಾ ಊರಲ್ಲೇ ಉಳಿದರು. ಎಲೆಅಡಿಕೆ, ಬಾಳೆಹಣ್ಣು ಬಿಟ್ಟು ಯಾರಿಂದಲೂ ಏನೂ ಮುಟ್ಟಲಿಲ್ಲ. ಈಗ ಅದು ನಿನಗೆ ಬಂದಿದೆ ಎಂದು ಚಿಕ್ಕಪ್ಪನ ವಾದ. ಹುಡುಗಿಯೂ ಅರ್ಧ ನಂಬಿದ್ದಾಳೆ: ತಂದೆ ಹೋಗುವ ಮೂರು ದಿನ ಮೊದಲು ಕನಸಿನಲ್ಲಿ ಕಂಡಿತ್ತು, ಪಕ್ಕದ ಮನೆಯ ಕೂಸು ಇವಳು ತಲೆ ಸವರಿದರೆ ಅಳು ನಿಲ್ಲಿಸುತ್ತದೆ, ಬೀದಿಯಲ್ಲಿ ಅಣ್ಣಮ್ಮನನ್ನು ಕೂರಿಸಿದ್ದಾಗ ತಮಟೆಯ ಏಟಿಗೆ ಹತ್ತು ನಿಮಿಷ ಏನಾಯಿತೋ ತಿಳಿಯದು, ಎಚ್ಚರವಾದಾಗ ಜಡೆ ಬಿಚ್ಚಿತ್ತು, ಹೆಂಗಸರು ಕಾಲಿಗೆ ಬೀಳುತ್ತಿದ್ದರು.

ಪ್ರಶ್ನೆಗಳು ಮೂರು. ಇದು ನಿಜವಾದ ಶಕ್ತಿಯೇ? ಮದುವೆಯಾಗುವ ಹುಡುಗನಿಗೆ ಹೇಳಲೇ? ಮಾಗಡಿಯಿಂದ ದೇವರ ಪೆಟ್ಟಿಗೆ ತಂದು ಮನೆಯಲ್ಲಿಟ್ಟುಕೊಳ್ಳಲೇ?

ಕೇಳು ತಾಯಿ. ನಿನ್ನ ಕಾಗದದಲ್ಲಿ 'ಶಕ್ತಿ' ಎಂಬ ಮಾತು ಹತ್ತೊಂಬತ್ತು ಸಲ ಬಂದಿದೆ, ಪೆನ್ಸಿಲ್ ಹಿಡಿದು ಎಣಿಸಿದೆ. ಆ ಹೆಂಗಸಿನ ಹೆಸರು ಒಂದು ಸಲವೂ ಇಲ್ಲ, ವಂಶವೃಕ್ಷದಲ್ಲಿ ನೀನೇ ಓದಿದ್ದರೂ. ಮೂರನೇ ಪುಟದ ಕೊನೆಯಲ್ಲಿ, ಬ್ರಾಕೆಟ್ಟಿನೊಳಗೆ, ಜಾಗ ಸಾಲದೆ ಅಕ್ಷರ ಸಣ್ಣ ಮಾಡಿ ಒಂದು ಸಾಲು ಬರೆದಿದ್ದೀಯ: 'ಈ ವರ್ಷ ಅವರು ಬರಲಿಲ್ಲ.'

ಅಷ್ಟೇ. ಮುಂದಿನ ಸಾಲಿಗೆ ಮತ್ತೆ ಕನಸು, ಮತ್ತೆ ತಮಟೆ.

ಅವರೆ ಕಾಲ ಮುಗಿಯಿತು, ಮಾವು ಬಂತು. ಎಪ್ಪತ್ತು ದಾಟಿದ, ಒಬ್ಬಳೇ ಇರುವ ಹೆಂಗಸು ನಿನಗೆ ತಿಳುವಳಿಕೆ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸದ ದಾರಿಯನ್ನು ಈ ಸಲ ತಪ್ಪಿಸಿದಳು. ಯಾರಾದರೂ ಫೋನ್ ಮಾಡಿದಿರಾ? ತಮ್ಮ ಸತ್ತದ್ದನ್ನು ಆಕೆಗೆ ಯಾರು ಹೇಳಿದರು, ಮಣ್ಣಿಗೆ ಬಂದಿದ್ದರೇ? ಬಂದಿದ್ದರೆ ಎಲ್ಲಿ ಕೂರಿಸಿದಿರಿ? ನಾಲ್ಕು ಪುಟದಲ್ಲಿ ಇದಕ್ಕೆ ಜಾಗವಿಲ್ಲ. ನಾಳೆ ಯಾರಿಗೆ ಏನಾಗುತ್ತದೆ ಎಂದು ನನಗೆ ತಿಳಿಯುತ್ತದೆಯೇ ಎಂದು ಕೇಳುವವಳಿಗೆ, ಐವತ್ತು ಕಿಲೋಮೀಟರ್ ಆಚೆ ಸ್ವಂತ ಅತ್ತೆ ಎದ್ದು ಓಡಾಡುತ್ತಿದ್ದಾಳೋ ಮಲಗಿದ್ದಾಳೋ ತಿಳಿದಿಲ್ಲ.

ಗಡುಸಾಗಿ ಹೇಳಿದೆ ಅನ್ನಿಸಿದರೆ ಅನ್ನಿಸಲಿ. ನಮ್ಮ ಮನೆಯಲ್ಲೂ ಅಂಥವರೊಬ್ಬರಿದ್ದರು. ಮದುವೆ ಫೋಟೊಗಳಲ್ಲೆಲ್ಲ ಅಂಚಿನಲ್ಲಿ ಅರ್ಧ ಮುಖ. ಯಾರೆಂದು ನಾನು ಕೇಳಿದ್ದು ತಡವಾಗಿ, ಹೋಗಿದ್ದು ಇನ್ನೂ ತಡವಾಗಿ. ಬಾಗಿಲಿಗೆ ಬೀಗವಿತ್ತು. ಈ ಅಂಕಣದಲ್ಲಿ ನಾನು ಪದೇಪದೇ ಒಂದೇ ಮಾತು ಹೇಳುತ್ತೇನೆಂದು ಕೆಲವರು ಬೈಯುತ್ತಾರೆ, ಮತ್ತೆ ಹೇಳುತ್ತೇನೆ. ಒಂದು ಮನೆಯ ಗುಟ್ಟು ತಿಳಿಯಬೇಕಾದರೆ ಬೀರು ತೆಗೆಯಬೇಡಿ, ಬಂದವರನ್ನು ಎಲ್ಲಿ ಕೂರಿಸುತ್ತಾರೆ ನೋಡಿ. ಆಕೆ ನಿಮ್ಮ ಹಿತ್ತಿಲ ಕಲ್ಲಿನ ಮೇಲೆ ಕೂತು, ತಂದ ಕಾಯನ್ನೆಲ್ಲ ತಾನೇ ಸುಲಿದು, ನೆನೆಹಾಕಿ ಹಿದುಕಿ, ಕೈತೊಳೆದು ಸಂಜೆ ಬಸ್ಸಿಗೆ ಹೋಗುತ್ತಿದ್ದರು ಎಂದು ನೀನೇ ಬರೆದಿದ್ದೀಯ. ಹಿದುಕಿದ ಬೇಳೆ ಸಾರು ನಿಮಗೆ, ಸಿಪ್ಪೆಯ ಸೊಗಡು ಅವರ ಕೈಗೆ.

'ಅಪ್ಪ ದೇವರಂಥ ಮನುಷ್ಯ' ಎಂದಿದ್ದೀಯ. ತೀರಿಹೋದವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ, ನನಗೆ ಆ ಸಂಕೋಚ ಕಡಿಮೆ. ದೇವರಂಥ ಮನುಷ್ಯ ಮೂವತ್ತು ವರ್ಷ ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಿದ್ದು ಅಕ್ಕನನ್ನು ಅಕ್ಕ ಎಂದು ಕರೆಯಲಿಲ್ಲ. ಫ್ಯಾಕ್ಟರಿಯ ಸ್ನೇಹಿತರ ಮುಂದೆ ತಲೆಗೆದರಿ ಕುಣಿಯುವ ಅಕ್ಕ ಅವಮಾನವಾಗಿದ್ದಳು. ನಿನ್ನ ಅಮ್ಮನ ಮೇಲೆ ನನಗೆ ಅಷ್ಟು ಕೋಪವಿಲ್ಲ. ಸೊಸೆಯಾಗಿ ಬಂದವಳಿಗೆ ಗಂಡನ ಬಾಯಿ ಹೇಳಿದ್ದೇ ಸಂಬಂಧ, ಹೋಗುವಾಗ ಕುಂಕುಮ, ಕಣ, ನೂರು ರೂಪಾಯಿ ಕೊಟ್ಟು ಕಳಿಸಿದ್ದೂ ಅವಳೇ. ಪಕ್ಷಪಾತ ಎನ್ನುವವರು ಎನ್ನಲಿ.

ವಿಚಿತ್ರ ನೋಡು. ಇದೇ ಊರಿನಲ್ಲಿ ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ಹೊತ್ತವನು ಗಂಡಸು, ಉಟ್ಟದ್ದು ಸೀರೆ, ಕೈತುಂಬ ಬಳೆ, ಸುತ್ತ ಕತ್ತಿ ಹಿಡಿದ ವೀರಕುಮಾರರು. ದ್ರೌಪದಿಯೇ ಬಂದಳೆಂದು ಜನ ನಿದ್ದೆಗೆಟ್ಟು ಮಲ್ಲಿಗೆ ಎರಚುತ್ತಾರೆ, ಕಾಟನ್‌ಪೇಟೆಯ ಮಸ್ತಾನ್ ದರ್ಗಾದಲ್ಲೂ ಅವಳಿಗೆ ನಿಲುಗಡೆಯಿದೆ. ಆ ಗಂಡಸಿನ ಮೈಮೇಲೆ ಬಂದದ್ದು ವಂಶದ ಪುಣ್ಯ. ಮಾಗಡಿಯ ಹೆಂಗಸಿನ ಮೈಮೇಲೆ ಬಂದದ್ದಕ್ಕೆ ಹಿತ್ತಿಲ ಕಲ್ಲು. ನಿಮ್ಮ ಮನೆಯವರು ಅಮ್ಮನಿಗೆ ನಾಚಿಕೊಳ್ಳಲಿಲ್ಲ ಕಣಮ್ಮ, ಅವಳು ಆರಿಸಿಕೊಂಡ ಹೆಣ್ಣಿಗೆ ನಾಚಿಕೊಂಡರು.

ಈಗ ಚಿಕ್ಕಪ್ಪ. ಮೂವತ್ತು ವರ್ಷ ಬಾಯಿ ಹೊಲಿದುಕೊಂಡಿದ್ದವರಿಗೆ ಪೌತಿ ಖಾತೆಯ ಸಮಯಕ್ಕೇ ವಂಶದ ಶಕ್ತಿ ನೆನಪಾಯಿತು. 'ನಿನ್ನ ಮಾತಾದರೆ ಅಕ್ಕ ಕೇಳುತ್ತಾಳೆ, ಪೆಟ್ಟಿಗೆ ತರುವ ದಿನವೇ ಹಾಗೇ ಸಬ್ ರಿಜಿಸ್ಟ್ರಾರ್ ಆಫೀಸಿಗೂ ಒಂದು ಗಳಿಗೆ ಕರೆದುಕೊಂಡು ಬಾ, ಬರೀ ಹೆಬ್ಬೆಟ್ಟು' ಎಂದರಂತೆ. ಅದು ಹಕ್ಕು ಬಿಡುಗಡೆ ಪತ್ರ. ಆಡಿಟರ್ ಆಫೀಸಿನಲ್ಲಿ ಕೂತವಳಿಗೆ ಮೂಗಿಗೆ ವಾಸನೆ ಬಡಿಯಲಿಲ್ಲವೇ? ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮನಾದ ಹಕ್ಕನ್ನು ಕರ್ನಾಟಕ 1994ರಲ್ಲೇ ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನೂ ಕಿತ್ತಿತು. ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕೆಂದೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ವಿಭಾಗಪತ್ರವಿದ್ದರೆ ಮಾತು ಬೇರೆ, ಅದನ್ನು ವಕೀಲರು ಕಾಗದ ನೋಡಿ ಹೇಳಬೇಕು. ಒಟ್ಟಿನಲ್ಲಿ ಚಿಕ್ಕಪ್ಪನಿಗೆ ಬೇಕಾಗಿರುವುದು ಹೆಬ್ಬೆಟ್ಟು, ನಿನ್ನ ಮೈಮೇಲಿನ ಅಮ್ಮ ಆ ಹೆಬ್ಬೆಟ್ಟಿಗೆ ಹಚ್ಚುವ ಶಾಯಿ. ನೀನು ಆ ಕಾಗದವನ್ನು ಮುಟ್ಟಕೂಡದು.

ಶಕ್ತಿ ನಿಜವೇ ಅಂದೆಯಲ್ಲ. ಕನಸಿನ ವಿಷಯ: ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಕರೆದೊಯ್ದವಳು ನೀನು, ರಿಪೋರ್ಟಿನ ಅಂಕಿಗಳನ್ನು ಓದಿದವಳು ನೀನು. ಹಗಲು ಒಪ್ಪಿಕೊಳ್ಳದ್ದನ್ನು ರಾತ್ರಿ ಒಪ್ಪಿಕೊಂಡೆ. ಕೂಸಿನ ವಿಷಯ ಬಿಡು, ಕೂಸುಗಳಿಗೆ ಕೆಲವರ ಕೈ ಹಿತ. ತಮಟೆಯದು ಬೇರೆ. ಅಪ್ಪನಿಗೆ ನೀನು ಇನ್ನೂ ಸರಿಯಾಗಿ ಅತ್ತಿಲ್ಲ ಎಂದು ನನ್ನ ಊಹೆ, ತಮಟೆ ಆ ಕಟ್ಟೆ ಒಡೆದಿರಬಹುದು. ಆದರೂ ಹತ್ತು ನಿಮಿಷ ಎಚ್ಚರ ತಪ್ಪಿದೆ ಎಂದರೆ ಒಮ್ಮೆ ನರರೋಗ ವೈದ್ಯರಿಗೆ ತೋರಿಸು, ಮೂರ್ಛೆರೋಗವಲ್ಲ ಎಂದು ಖಚಿತವಾಗಲಿ. ನಿಮ್ಹಾನ್ಸ್ ಹೆಸರು ಕೇಳಿದರೆ ಹುಚ್ಚು ಎಂದುಕೊಳ್ಳುವ ನೆಂಟರಿಗೆ ಹೇಳಬೇಡ, ಸುಮ್ಮನೆ ಹೋಗಿ ಬಾ.

ಸರ್ಪಸುತ್ತು ಬರೆಯುವ ಕೆಲಸಕ್ಕಂತೂ ಕೈ ಹಾಕಬೇಡ. ಚಿಕ್ಕಂದಿನಲ್ಲಿ 'ಅಮ್ಮ' ಆಗಿದ್ದ ಸೀತಾಳೆ ಸಿಡುಬಿನ ವೈರಸ್ಸೇ ನರದಲ್ಲಿ ಮಲಗಿದ್ದು ವರ್ಷಗಳ ಮೇಲೆ ಏಳುವುದು ಅದು. ಎರಡರಿಂದ ನಾಲ್ಕು ವಾರದಲ್ಲಿ ಬೊಬ್ಬೆ ತಾನಾಗಿ ಒಣಗುತ್ತದೆ, ಕೆಮ್ಮಣ್ಣಿಗೆ ಹೆಸರು ಬರುತ್ತದೆ. ಬೊಬ್ಬೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರುವಾದರೆ ನೋವು ಕಡಿಮೆ, ಕಣ್ಣಿನ ಹತ್ತಿರ ಬಂದರೆ ಒಂದು ದಿನವೂ ಕಾಯುವಂತಿಲ್ಲ. ಆಕೆಯ ಕೈಗೆ ಸಮಾಧಾನ ಕೊಡುವ ಗುಣವಿತ್ತು, ಅದನ್ನು ನಾನು ತೆಗೆದುಹಾಕುವುದಿಲ್ಲ. 1898ರಲ್ಲಿ ಪ್ಲೇಗ್ ಬಂದಾಗ ಪ್ಲೇಗಮ್ಮನಿಗೆ ಗುಡಿ ಕಟ್ಟಿದ ಊರು ನಮ್ಮದು, ಎರಡು ವರ್ಷದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಾಗಿಲನ್ನೂ ತೆರೆಯಿತು. ಕೈಮುಗಿಯುವುದಕ್ಕೆ ಒಂದು ಕಡೆ, ಮಾತ್ರೆಗೆ ಇನ್ನೊಂದು ಕಡೆ ಹೋಗಿ ನಮಗೆ ಅಭ್ಯಾಸವಿದೆ.

ಹುಡುಗನಿಗೆ ಹೇಳಬೇಕೇ? ಹೇಳು. ಅದಕ್ಕೆ ಇದಕ್ಕಿಂತ ಉದ್ದದ ಉತ್ತರ ಬೇಕಿಲ್ಲ.

ಪೆಟ್ಟಿಗೆಯನ್ನು ಏನು ಮಾಡಬೇಕೆಂದು ಹೇಳಬೇಕಾದವರು ಅದನ್ನು ಇಷ್ಟು ವರ್ಷ ಕಾಪಾಡಿದವರು. ನಾನಲ್ಲ, ನಿನ್ನ ಚಿಕ್ಕಪ್ಪನೂ ಅಲ್ಲ.

ಈ ಭಾನುವಾರ ಬೆಳಿಗ್ಗೆ ಮಾಗಡಿ ಬಸ್ ಹತ್ತು. ಮೊದಲೇ ಫೋನ್ ಮಾಡಬೇಡ, 'ಏನೂ ಬೇಡ ಮಗ, ಚೆನ್ನಾಗಿದೀನಿ' ಎಂದುಬಿಡುತ್ತಾರೆ. ಚಿಕ್ಕಪ್ಪನನ್ನು ಕರೆದೊಯ್ಯಬೇಡ. ಅಮ್ಮ ಬರುತ್ತೇನೆಂದರೆ ಕರೆದುಕೋ, ಬಲವಂತ ಮಾಡಬೇಡ. ಕೈಯಲ್ಲಿ ಹಣ್ಣು, ಒಂದು ಒಳ್ಳೆಯ ಸೀರೆ ಇರಲಿ, ಬೀರುವಿನ ಹಳೆಯದಲ್ಲ, ಅಂಗಡಿಯಿಂದ ತಂದದ್ದು. ಶಕ್ತಿಯ ಮಾತು ಅವರಾಗಿ ಎತ್ತುವ ತನಕ ನೀನು ಎತ್ತಬೇಡ. ಮಂಡಿ ನೋವೇ, ಕಣ್ಣಿಗೆ ಪೊರೆಯೇ, ಬಸ್ ಹತ್ತಲು ಆಗಲಿಲ್ಲವೇ, ಇಲ್ಲ ತಮ್ಮನಿಲ್ಲದ ಮನೆಗೆ ಬಂದು ಏನೆಂದು ಹೇಳಿಕೊಳ್ಳುವುದೆಂದು ನಿಂತರೇ, ಅದನ್ನು ಕೇಳು. ಜೊತೆಗೆ ಬರಲು ಒಪ್ಪಿದರೆ ಕರೆದುಕೊಂಡು ಬಂದು ಹಜಾರದ ಸೋಫಾದ ಮೇಲೆ ಕೂರಿಸಿ, ಕಾಫಿ ನೀನೇ ಮಾಡಿಕೊಡು.

ಇನ್ನೊಂದು. ಅವರ ಬಾಗಿಲಲ್ಲಿ ನಿಂತು ಕೂಗುವಾಗ ಅಭ್ಯಾಸಬಲದಿಂದ 'ಅಜ್ಜಿ' ಎಂದುಬಿಡಬೇಡ. ಅಜ್ಜಿ ಎಂದು ದಾರಿಯಲ್ಲಿ ಹೂ ಮಾರುವವರನ್ನೂ ಕರೆಯುತ್ತೇವೆ. 'ಅತ್ತೆ' ಎಂದು ಕರೆ, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ.