ಓದುಗರ ಪ್ರಶ್ನೆ: ನೇತ್ರಾಣಿಯಲ್ಲಿ ಸ್ಕೂಬಾ

ಪ್ರಶ್ನೆ: ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆಳಿಗ್ಗೆ ಸಿಲಿಂಡರ್ ಹೊತ್ತು ನೀರಿಗಿಳಿಯುವ ಎರಡು ಡೈವ್ ಮುಗಿಸಿ ಮಧ್ಯಾಹ್ನವೇ ಕಾರಿನಲ್ಲಿ ಊರಿಗೆ ಹೊರಡಬಹುದೇ? ಡೈವ್ ಆದಮೇಲೆ ವಿಮಾನ ಹತ್ತಬಾರದು ಅಂತಾರೆ. ನಮಗೆ ವಿಮಾನದ ಗೊಡವೆಯೇ ಇಲ್ಲ. (ಚಿತ್ರದುರ್ಗ)

ಉತ್ತರ: ವಿಮಾನ ಇಲ್ಲ, ಆದರೆ ಘಾಟಿ ಇದೆಯಲ್ಲ! ನೀರಿನಡಿ ಒತ್ತಡ ಹೆಚ್ಚಿದಷ್ಟೂ ಉಸಿರಾಡಿದ ಸಾರಜನಕ ರಕ್ತ, ಮಾಂಸಖಂಡಗಳಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದಮೇಲೆ ಅದು ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ಎತ್ತರಕ್ಕೆ ಹೋದರೆ ಸೋಡಾ ಬಾಟಲಿ ಮುಚ್ಚಳ ತೆಗೆದಂತೆ ಗುಳ್ಳೆಗಳಾಗುತ್ತವೆ. ಒಂದು ಡೈವ್ ಆದಮೇಲೆ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ 18 ಗಂಟೆ ಕಾಯಬೇಕೆಂಬ ವಿಮಾನದ ನಿಯಮ ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯಿಸುತ್ತದೆ. ದಾವಣಗೆರೆ ಸರಿಯಾಗಿ ಆ ಗಡಿಯಲ್ಲಿದೆ. ನಿಮ್ಮ ದುರ್ಗ ಸುಮಾರು 730 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಶೇ. 8ರಷ್ಟು ಕಡಿಮೆ. ಆರೇಳು ಮೀಟರ್ ಆಳದ ಒಂದೇ ಪರಿಚಯ ಡೈವ್‌ನಲ್ಲಿ ಅಪಾಯ ತೀರಾ ಕಡಿಮೆ, ನಿಜ. ಎರಡು ಡೈವ್ ಮಾಡಿದ್ದರೆ ಮಾತ್ರ ಆ ರಾತ್ರಿ ಕರಾವಳಿಯಲ್ಲೇ ಉಳಿದು, ಮರುದಿನ ಗೇರುಸೊಪ್ಪೆ ಘಾಟಿ ಹತ್ತಿ. ಭುಜ, ಮೊಣಕೈ ನೋವು, ಜುಮುಜುಮು, ವಿಪರೀತ ಸುಸ್ತು ಕಂಡರೆ ‘ಬೋಟಿನ ಆಯಾಸ’ ಅಂತ ಮಾತ್ರೆ ನುಂಗಿ ಕೂರಬೇಡಿ. ಮಲಗಿಸಿ, ಶುದ್ಧ ಆಮ್ಲಜನಕ ಕೊಡಿಸಿ, ತಕ್ಷಣ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಕಿವಿಗೆ ನೀರು ಹೋಗದಂತೆ ಎಣ್ಣೆ ಹಚ್ಚಿದ ಹತ್ತಿ ಇಟ್ಟುಕೊಳ್ಳಲೇ? (ದಾವಣಗೆರೆ)

ಉತ್ತರ: ಖಂಡಿತ ಬೇಡ. ಹತ್ತಿ, ಇಯರ್ ಪ್ಲಗ್ ಯಾವುದೂ ಬೇಡ. ಕಿವಿಯಲ್ಲಿ ನೀರು ಇರಲೇಬೇಕು. ತೊಂದರೆ ಇರುವುದು ಕಿವಿತಮಟೆಯ ಒಳಬದಿಯಲ್ಲಿ. ಮೇಲ್ಮೈಯಿಂದ 10 ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ದುಪ್ಪಟ್ಟಾಗುತ್ತದೆ, ಒಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಅದಕ್ಕೇ ಬಹಳ ಜನರಿಗೆ ಎರಡು ಮೂರು ಮೀಟರಿನಲ್ಲೇ ಕಿವಿ ನೋಯುವುದು. ಮೂಗು ಹಿಡಿದು ಮೆಲ್ಲಗೆ ಊದಿ. ನೋವು ಬರುವ ಮೊದಲೇ, ಪ್ರತಿ ಅರ್ಧ ಮೀಟರಿಗೊಮ್ಮೆ. ಕಿವಿ ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಜೋರಾಗಿ ಊದಿದರೆ ಒಳಕಿವಿಗೇ ಪೆಟ್ಟು. ನೆಗಡಿ ಇದ್ದರೆ ಆ ದಿನ ಬೋಟಿನಲ್ಲೇ ಕೂರಿ. ಮೂಗಿನ ಹನಿ ಹಾಕಿಕೊಂಡು ಇಳಿದು, ಕೆಳಗಿರುವಾಗ ಅದರ ಪ್ರಭಾವ ಇಳಿದರೆ ಏರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ಒಂದು ಆಕ್ಸಿಜನ್ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ? (ಹರಿಹರ)

ಉತ್ತರ: ಅದರಲ್ಲಿರುವುದು ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ. ಶುದ್ಧ ಆಮ್ಲಜನಕ ಆರು ಮೀಟರಿಗಿಂತ ಆಳದಲ್ಲಿ ವಿಷವಾಗುತ್ತದೆ. ಲೆಕ್ಕ ಹೀಗೆ: 11 ಲೀಟರ್ ಸಿಲಿಂಡರ್, 200 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ತುಂಬಿದೆ, 50 ಬಾರ್ ಉಳಿಸಿಕೊಂಡೇ ಮೇಲೆ ಬರಬೇಕು. ಉಳಿದದ್ದು 1,650 ಲೀಟರ್. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಸೇದುವವರು 10 ಮೀಟರ್ ಆಳದಲ್ಲಿ 40 ಲೀಟರ್ ಸೇದುತ್ತಾರೆ, ಅಂದರೆ ಸುಮಾರು 40 ನಿಮಿಷ. ಗಾಬರಿಯಾದರೆ ಇದರ ಅರ್ಧವೂ ಬರಲಿಕ್ಕಿಲ್ಲ. ಉಸಿರು ಮಾತ್ರ ಎಂದೂ ಕಟ್ಟಬೇಡಿ. ಏರುವಾಗ ಕಟ್ಟಿದ ಉಸಿರು ಹಿಗ್ಗಿ ಶ್ವಾಸಕೋಶ ಹರಿಯಬಹುದು.

ಪ್ರಶ್ನೆ: ದಪ್ಪ ಮೀಸೆ, ಜೊತೆಗೆ ಕನ್ನಡಕ. ಮಾಸ್ಕ್ ಕೂರುತ್ತದೆಯೇ? (ಹೊಳಲ್ಕೆರೆ)

ಉತ್ತರ: ಮೀಸೆ ಪೂರ್ತಿ ಬೋಳಿಸಬೇಕಿಲ್ಲ. ಮೂಗಿನ ಹೊಳ್ಳೆಯ ಕೆಳಗೆ ಮೂರು ನಾಲ್ಕು ಮಿಲಿಮೀಟರ್ ಪಟ್ಟಿ ತೆಗೆದರೆ ಸೋರುವುದು ಬಹುಪಾಲು ನಿಲ್ಲುತ್ತದೆ. ಕನ್ನಡಕದ ಕಡ್ಡಿ ಒಳಗೆ ಹೋದರೆ ಮಾಸ್ಕ್ ಸೋರುತ್ತದೆ. ನಂಬರ್ ಗ್ಲಾಸಿನ ಮಾಸ್ಕ್ ಮೊದಲೇ ಕೇಳಿ.

ಪ್ರಶ್ನೆ: ಮೀನಿನ ತೊಟ್ಟಿಗೆ ಒಂದು ಹವಳದ ಚೂರು ತರಬಹುದೇ? (ದಾವಣಗೆರೆ)

ಉತ್ತರ: ಬೇಡವೇ ಬೇಡ. 2001ರಿಂದ ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ತರುವುದಿರಲಿ, ಮುಟ್ಟಲೂ ಬೇಡಿ, ಕಾಲಿನ ಫಿನ್ ಅದರಿಂದ ಒಂದು ಮೀಟರ್ ದೂರವಿರಲಿ. ಎಬ್ಬಿಸಿದ ಮಣ್ಣು ಕೂತರೂ ಹವಳಕ್ಕೆ ಉಸಿರುಗಟ್ಟುತ್ತದೆ.